ಕೇಳುವವರೊಬ್ಬರು, ಮುಟ್ಟುವವರೊಬ್ಬರು

ಊರಿನ ಕುಡಿಯುವ ನೀರಿನ ಪಂಪನ್ನು ಬೆಟ್ಟದ ನೆತ್ತಿಗೆ ಏರಿಸಿದವರು ನಾವು. ದೊಡ್ಡ ಲಾರಿಗಳು ಮೂರನೆಯ ತಿರುವಿನಲ್ಲಿ ಹೊರಳಲಾರದೆ ಹಿಂದೆ ಸರಿದು ಬಂದಿದ್ದವು. ಗುತ್ತಿಗೆದಾರನು ಕೈಚೆಲ್ಲಿ ಕುಳಿತಿದ್ದನು. ಆಗ ನನ್ನ ಯಜಮಾನರು ನಮ್ಮ ಪಿಕಪ್ಪಿನ ಹಿಂದೆ ಟ್ರೇಲರನ್ನು ಕಟ್ಟಿ, ಆನೆಮರಿಯಂತಹ ಆ ಯಂತ್ರವನ್ನು ಅದರ ಮೇಲೆ ಕೂರಿಸಿ, ಒಂದನೆಯ ಗೇರಿನಲ್ಲಿಯೇ ಇಡೀ ಬೆಟ್ಟವನ್ನು ಹತ್ತಿಸಿದರು. ನಾನು ಸೀಟಿನಲ್ಲಿ ಕುಳಿತಿರಲಿಲ್ಲ. ಎರಡು ಕೈಗಳಲ್ಲಿ ಎರಡು ಮರದ ಬೆಣೆಗಳನ್ನು ಹಿಡಿದು ಟ್ರೇಲರಿನ ಪಕ್ಕದಲ್ಲಿ ನಡೆಯುತ್ತಿದ್ದೆ. ಇಂಜಿನ್ನು ಕಾದು ಗಾಡಿ ನಿಂತಾಗಲೆಲ್ಲ ಚಕ್ರದ ಹಿಂದೆ ಬೆಣೆ ತುರುಕುವುದು. ಹೊರಟಾಗ ಕಿತ್ತುಕೊಂಡು ಓಡುವುದು. ತುದಿ ಮುಟ್ಟಿದಾಗ ಊರವರು ಯಜಮಾನರನ್ನು ಹೆಗಲ ಮೇಲೆ ಹೊತ್ತರು. ನನ್ನ ಮೇಲೆ 'ಬೆಣೆಯಮ್ಮ' ಎಂಬ ಹೆಸರನ್ನು ಹೊರಿಸಿದರು. ಅವರು ಆ ಹೊತ್ತೇ ಕೆಳಗಿಳಿದರು. ನನ್ನ ಹೆಸರು ಇಂದಿಗೂ ಇಳಿದಿಲ್ಲ.

ನಮ್ಮಿಬ್ಬರಿಗೆ ಒಂದು ಪದ್ಧತಿಯಿತ್ತು. ಗಾಡಿ ಕದಲುವ ಮುನ್ನ ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ ಒಂದೊಂದನ್ನೇ ಕೂಗಿ ಕೇಳುವರು: ಗುಂಡಿನ ಮೇಲೆ ಬಟ್ಟಲು? ಚಿಲಕ? ಪಿನ್ನು? ಸರಪಳಿ? ದೀಪದ ವೈರು? ಪಿಕಪ್ಪಿನ ಹಿಂಬದಿಯ ಕಬ್ಬಿಣದ ಗುಂಡನ್ನು ಟ್ರೇಲರಿನ ಮೂತಿಯ ಬಟ್ಟಲು ಕವಿದುಕೊಳ್ಳಬೇಕು, ಚಿಲಕ ಬೀಳಬೇಕು, ಚಿಲಕ ಏಳದಂತೆ ಪಿನ್ನು ತೂರಬೇಕು. ನಾನು ಒಂದೊಂದನ್ನೂ ಕೈಯಿಂದ ಮುಟ್ಟಿ, ಮುಟ್ಟಿದ ಮೇಲೆಯೇ "ಇದೆ" ಎನ್ನಬೇಕು. ಕಣ್ಣಿನಲ್ಲಿ ನೋಡಿ ಹೇಳುವಂತಿಲ್ಲ. ಒಮ್ಮೆ ನೆಗಡಿಯಿಂದ ನನ್ನ ಗಂಟಲು ಕಟ್ಟಿದ್ದಾಗ ಅವರು ಇಳಿದು ಬಂದು, "ನಿನ್ನ 'ಇದೆ' ನನಗೆ ಕೇಳಿಸ್ಲಿಲ್ಲ, ಮತ್ತೆ ಮೊದಲಿಂದ" ಎಂದು ಎಲ್ಲವನ್ನೂ ಹೊಸದಾಗಿ ಮುಟ್ಟಿಸಿದ್ದರು.

ಅವರು ತೀರಿಕೊಂಡ ಮೇಲೆ ಸ್ಟೀರಿಂಗನ್ನು ನಾನು ಹಿಡಿದೆ. ಹೆಂಗಸೆಂದು ಮೂಗು ಮುರಿದವರು ಕ್ರಮೇಣ ತಮ್ಮ ಮೂಗನ್ನು ತಾವೇ ನೆಟ್ಟಗೆ ಮಾಡಿಕೊಂಡರು. ಆದರೆ ಕೇಳುವ ಧ್ವನಿಯೊಂದನ್ನು ಎಲ್ಲಿಂದ ತರುವುದು? ಗಾಡಿಯ ಹಿಂದೆ ನಿಂತು ನಾನೇ ಗಟ್ಟಿಯಾಗಿ ಕೇಳಿ ನಾನೇ ಗಟ್ಟಿಯಾಗಿ ಉತ್ತರಿಸತೊಡಗಿದೆ. ಗೋದಾಮಿನ ಹಮಾಲರು, "ಇವತ್ತು ಬೆಣೆಯಮ್ಮ ಇಬ್ಬರು ಬಂದಿದ್ದಾರೆ ಕಣ್ರೋ!" ಎಂದು ನಗುತ್ತಿದ್ದರು. ನಗಲಿ. ಎಷ್ಟೋ ದಿನ ನನ್ನ ಬಾಯಿಂದ ಹೊರಟ ಮಾತು ಅಷ್ಟೇ. ಮನೆಗೆ ಬಂದು ಒಂದು ತಟ್ಟೆ, ಒಂದು ಲೋಟ ತೊಳೆದು ಕವುಚಿದರೆ ಸಂಸಾರ ಮುಗಿಯಿತು. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೆ ನಾನು "ಯಾರು?" ಎನ್ನುತ್ತಿದ್ದೆ, ನನ್ನ ಬಾಗಿಲಲ್ಲವೆಂದು ತಿಳಿದೂ ಎದ್ದು ಹೋಗಿ ನೋಡುತ್ತಿದ್ದೆ.

ಈ ವರ್ಷ ನನ್ನ ತಂಗಿ ಹಟ ಹಿಡಿದಳು. ವಯಸ್ಸಾಯಿತು, ಭಾರ ಎಳೆಯುವುದು ಸಾಕು, ಗಾಡಿಯನ್ನು ತನ್ನ ಮಗಳಿಗೆ ಕೊಡು ಎಂದಳು. ಮಗಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಕೈ ಚುರುಕು. ನನಗೆ ಮೈಯೆಲ್ಲ ಉರಿಯಿತು. "ಅವಳೇ ಬಂದು ನೋಡ್ಲಿ. ಕಟ್ಟೋದ್ರಿಂದ ಇಳಿಸೋವರೆಗೆ ಪಕ್ಕದಲ್ಲೇ ಇರ್ಲಿ. ಒಂದೇ ಒಂದು ತಪ್ಪು ಸಿಕ್ಕಿದ್ರೂ ಅಲ್ಲೇ ಕೀಲಿಕೈ ಬಿಸಾಕ್ತೀನಿ" ಎಂದು ಮಾತು ಕೊಟ್ಟೆ. ಗಾಡಿಯೊಂದು ಹೋದರೆ ನನಗೆ ಉಳಿಯುವುದು ಆ ತಟ್ಟೆ, ಆ ಲೋಟ, ಪಕ್ಕದ ಮನೆಯ ಬಾಗಿಲು. ಅದನ್ನು ಮಾತ್ರ ತಂಗಿಗೆ ಹೇಳಲಿಲ್ಲ.

ಅಂದು ಬಂದ ಕೆಲಸ ದೋಣಿಯದು. ಮೇಲಿನ ಬೀದಿಯ ಬಡಗಿಯೊಬ್ಬನು ತನ್ನ ಅಂಗಳದಲ್ಲಿ ವರ್ಷಗಟ್ಟಲೆ ಕೆತ್ತಿ ಕೂಡಿಸಿದ ಭಾರಿ ಮೀನುದೋಣಿ. ಅದನ್ನು ಇಳಿಜಾರಿನ ದಾರಿಯಲ್ಲಿ ಬಂದರಿಗೆ ಮುಟ್ಟಿಸಬೇಕು. ಬೆಳಿಗ್ಗೆ ತಂಗಿಯ ಮಗಳು ನನ್ನ ಪಕ್ಕದ ಸೀಟಿನಲ್ಲಿ ಬಂದು ಕುಳಿತಾಗ ಅಲ್ಲಿಟ್ಟಿದ್ದ ಹಗ್ಗದ ಸುರುಳಿಯನ್ನು ಎಲ್ಲಿಡುವುದೆಂದು ನನಗೆ ತೋಚಲಿಲ್ಲ. ಆ ಸೀಟಿನಲ್ಲಿ ಮನುಷ್ಯರು ಕುಳಿತು ಅಷ್ಟು ಕಾಲವಾಗಿತ್ತು.

ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ ನಾನು ಹಗ್ಗ ಬಿಚ್ಚಿ ತರುವಷ್ಟರಲ್ಲಿ ಬಡಗಿ ಆಳುಗಳನ್ನು ಕೂಡಿಸಿ ದೋಣಿಯನ್ನು ಅದಕ್ಕೆ ಏರಿಸಿದ್ದನು. ನಾನು ಸುತ್ತ ಬಂದು ನೋಡಿ, "ಇಂಜಿನ್ ಎಲ್ಲಿ ಕೂರಿಸಿದ್ದೀರಿ?" ಎಂದೆ.

"ಹಿಂದ್ಗಡೆ ಅಮ್ಮಾ. ದೋಣಿಗೆ ಇಂಜಿನ್ ಮುಂದೆ ಇಡ್ತಾರಾ?"

"ನೀರಿನಲ್ಲಿ ನಿಮ್ಮಿಷ್ಟ. ರಸ್ತೆ ಮೇಲೆ ನನ್ನಿಷ್ಟ. ಬಾಲ ಭಾರ ಆದ್ರೆ ಇಳಿಜಾರಿನಲ್ಲಿ ಟ್ರೇಲರ್ ಆಡೋಕೆ ಶುರು ಮಾಡುತ್ತೆ. ಆಮೇಲೆ ಪಿಕಪ್ ಅದನ್ನ ಎಳೆಯಲ್ಲ, ಅದೇ ಪಿಕಪ್ಪನ್ನ ಒದರಿ ಎಸೆಯುತ್ತೆ."

ಪಿನ್ನು ಕಿತ್ತು ಎಂದಿನಂತೆ ಕೋಟಿನ ಜೇಬಿಗೆ ಹಾಕಿಕೊಂಡು, ಚಿಲಕ ಬಿಚ್ಚಿ, ಟ್ರೇಲರಿನ ಮೂತಿಯನ್ನು ಜಾಕಿನ ಮೇಲೆ ನಿಲ್ಲಿಸಿದೆ. ಮೂತಿಯನ್ನು ಒಂದೇ ಕೈಯಲ್ಲಿ ಅಲುಗಿಸಿ ತೋರಿಸಿದೆ, ಅಷ್ಟು ಹಗುರ. ಬಡಗಿ ಗೊಣಗುತ್ತಲೇ ದೋಣಿಯನ್ನು ಮುಂದಕ್ಕೆ ಜಗ್ಗಿಸಿದನು. ಭಾರದ ದೊಡ್ಡ ಪಾಲು ಚಕ್ರಗಳಿಂದ ಮುಂದಕ್ಕೆ ಬರುವವರೆಗೂ ನಾನು ಬಿಡಲಿಲ್ಲ. ತಂಗಿಯ ಮಗಳು ಎಲ್ಲವನ್ನೂ ನೋಡುತ್ತಿದ್ದಳು, ಹುಬ್ಬು ಮೇಲೇರಿತ್ತು. ನಾನು ಒಳಗೊಳಗೇ ಬೀಗಿದೆ.

ಮೂತಿಯನ್ನು ಮತ್ತೆ ಗುಂಡಿನ ಮೇಲಿಳಿಸಿ, ಚಿಲಕ ಬೀಳಿಸಿ, ಸರಪಳಿಗಳನ್ನು ಕತ್ತರಿಯಂತೆ ಅಡ್ಡಹಾಯಿಸಿ ಸಿಕ್ಕಿಸಿದ ಮೇಲೆ ಅವಳು ಗಾಡಿ ಹತ್ತಿ ಕಿಟಕಿಯಿಂದ ತಲೆ ಹೊರಹಾಕಿ, "ದೊಡ್ಡಮ್ಮಾ, ನಾನು ಕೇಳ್ಲಾ?" ಎಂದಳು.

ಆ ಮಾತಿಗೆ ನಾನು ನೆಟ್ಟಗೆ ನಿಂತೆ. "ಕೇಳು" ಎಂದೆ.

"ಗುಂಡಿನ ಮೇಲೆ ಬಟ್ಟಲು?"

"ಇದೆ."

"ಚಿಲಕ?"

"ಇದೆ."

"ಪಿನ್ನು?"

"ಇದೆ!"

ಎಷ್ಟು ಗಟ್ಟಿಯಾಗಿ, ಎಷ್ಟು ಹಿಗ್ಗಿನಿಂದ ಕೂಗಿದೆನೆಂದರೆ ಬಡಗಿ ಬೆಚ್ಚಿ ಹಿಂದೆ ಸರಿದನು. ಸರಪಳಿಯ ಸರದಿ ಬರಲಿಲ್ಲ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಇಳಿದು ಬಂದಳು.

"ದೊಡ್ಡಮ್ಮ, ನೀವು ಬಗ್ಗಲೇ ಇಲ್ಲ."

"ಬಗ್ಗೋದೇನೆ? ಇದೆ ಅಂದ್ನಲ್ಲ."

ಅವಳು ಮಂಡಿಯೂರಿ ಚಿಲಕದ ಕಡೆ ಬೆರಳು ತೋರಿದಳು. ಪಿನ್ನಿರಬೇಕಾದ ತೂತಿನಲ್ಲಿ ಆಚೆಯ ಬಿಸಿಲು ಕಾಣುತ್ತಿತ್ತು. ನಾನು ಜೇಬಿಗೆ ಕೈಹಾಕಿದೆ. ತಣ್ಣಗೆ, ಸುಮ್ಮನೆ, ಅದು ಅಲ್ಲಿಯೇ ಇತ್ತು.

ಕೈ ಹೋಗುವ ಮೊದಲೇ ಬಾಯಿ ಹೋಗಿತ್ತು. ನನ್ನ ಪ್ರಶ್ನೆಗೆ ನಾನೇ ಉತ್ತರಿಸಿ ಉತ್ತರಿಸಿ, ಆ "ಇದೆ" ಎನ್ನುವುದು ಪ್ರಶ್ನೆಯ ಬಾಲದಂತೆ ತಾನಾಗಿಯೇ ಹೊರಡುವ ಸದ್ದಾಗಿಬಿಟ್ಟಿತ್ತು. ಎಂದಿನಿಂದ ಹೀಗೆಂದು ಯಾರು ಬಲ್ಲರು? ನೋಡುವವರೇ ಇರಲಿಲ್ಲವಲ್ಲ.

ಬಡಗಿ ವಾತಾವರಣ ಹಗುರ ಮಾಡಲು, "ಪರವಾಗಿಲ್ಲ ಬಿಡಿ ಅಮ್ಮಾ, ನಾನಂತೂ ಕನ್ನಡಕ ಹಣೆ ಮೇಲಿಟ್ಕೊಂಡೇ ಮನೆಯೆಲ್ಲ ಹುಡುಕ್ತೀನಿ" ಎಂದನು.

"ನಿಮ್ಮ ಕನ್ನಡಕ ಬಿದ್ರೆ ಯಾರೂ ಸಾಯಲ್ಲ" ಎಂದು ನಾನು ಪಿನ್ನನ್ನೂ ಕೀಲಿಕೈಯನ್ನೂ ಒಟ್ಟಿಗೆ ಅವಳ ಅಂಗೈಯಲ್ಲಿಟ್ಟೆ.

"ದೊಡ್ಡಮ್ಮ, ಇದೊಂದು ಸಲ..."

"ಮಾತು ಕೊಟ್ಟಿದ್ದೀನಿ. ತಗೋ."

ಅವಳು ಪಿನ್ನು ತೂರಿಸಿದಳು. ಆಮೇಲೆ ನಾನು ಮುಂದೆ ಕುಳಿತು ಕೇಳಿದೆ. ಅವಳು ಹಿಂದೆ ಮುಟ್ಟಿ ಹೇಳಿದಳು.

ಇಳಿಜಾರಿನಲ್ಲಿ ಅವಳು ಮೊದಲೇ ಗೇರು ಇಳಿಸಿದಳು. ಬ್ರೇಕಿನ ಮೇಲೆ ಕಾಲು ಊರಿ ಕೂರದೆ ಇಂಜಿನ್ನಿಗೇ ಭಾರ ಹಿಡಿಯಲು ಬಿಟ್ಟಳು. ಮುಂದಿನ ವಾಹನದಿಂದ ದೂರ ಉಳಿದಳು. ಅರ್ಧ ದಾರಿಯಲ್ಲಿ ದೊಡ್ಡದೊಂದು ಬಸ್ಸು ಪಕ್ಕದಲ್ಲಿ ಬೀಸಿಕೊಂಡು ಹೋಯಿತು. ಅದರ ಗಾಳಿಗೆ ಟ್ರೇಲರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. "ಬ್ರೇಕ್ ತುಳಿಬೇಡ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಸ್ಟೀರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಸ್ಟೀರಿಂಗಿನ ಬಳಿಯ ಬೇರೆ ಹಿಡಿಯಿಂದ ಮೆಲ್ಲಗೆ ಒತ್ತಿದ್ದಳು. ದೋಣಿ ಮಗುವಿನಂತೆ ಸುಮ್ಮನಾಯಿತು. ತೆರೆದ ಬಾಯಿಯನ್ನು ನಾನು ಹಾಗೆಯೇ ಮುಚ್ಚಿಕೊಂಡೆ.

ಬಂದರಿನಲ್ಲಿ ದೋಣಿ ನೀರಿಗಿಳಿದು ತೇಲಿತು. ಬಡಗಿ ಕುಣಿದಾಡಿದನು. ನಾನು ದಂಡೆಯ ಕಂಬಕ್ಕೆ ಒರಗಿ, ಮನೆಗೆ ಹೋದ ಮೇಲೆ ಕೋಟನ್ನು ಎಲ್ಲಿ ತೂಗುಹಾಕುವುದೆಂದು ಯೋಚಿಸುತ್ತಿದ್ದೆ. ನಾಳೆಯಿಂದ ಅದನ್ನು ಹಾಕಿಕೊಳ್ಳಲು ಕಾರಣವಿರಲಿಲ್ಲ.

ಬರಿಯ ಟ್ರೇಲರಿನೊಡನೆ ಹಿಂದಿರುಗಿದೆವು. ದಾರಿಯಲ್ಲಿ ಅವಳು, "ಗುರುವಾರ ಕಲ್ಲು ಕುಯ್ಯೋ ಯಂತ್ರ ಸಾಗಿಸ್ಬೇಕಂತೆ, ಫೋನ್ ಬಂದಿತ್ತು" ಎಂದಳು.

"ಒಳ್ಳೇದು. ನೀನು ಸಾಗಿಸ್ತೀಯ."

"ಕೇಳೋರು ಯಾರು?"

"ನೀನೇ ಕೇಳ್ಕೋ. ನಾನು ಕೇಳ್ಕೊಳ್ಳಲಿಲ್ವಾ?"

"ಅದಕ್ಕೇ ಬೇಡ ಅಂತಿದ್ದೀನಿ. ನಾನೇ ಕೇಳ್ಕೊಂಡು ನಾನೇ ಹೇಳ್ಕೊಂಡು, ಇನ್ನೊಂದಿಷ್ಟು ವರ್ಷಕ್ಕೆ ನನ್ನ ಜೇಬಲ್ಲೂ ಪಿನ್ನು ಸಿಗುತ್ತೆ" ಎಂದು ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು. "ಬೆಳಿಗ್ಗೆ ಬೇಗ ಬರ್ತೀನಿ. ರೆಡಿಯಾಗಿರಿ. ಹಗ್ಗ ಹಿಂದೆ ಹಾಕಿ, ಸೀಟಿನ ಮೇಲೆ ಬೇಡ."

ನಾನು ಕಿಟಕಿಯ ಗಾಜು ಏರಿಸುವ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡೆ.

"ದೊಡ್ಡಮ್ಮ."

"ಏನೇ?"

"ಆ ಪಂಪಿನ ಕಥೆ ಇನ್ನೊಂದ್ಸಲ ಹೇಳಿ. ದೊಡ್ಡಪ್ಪ ಹೇಗೆ ಓಡಿಸಿದ್ರು ಅನ್ನೋದು ಬೇಡ, ಅದು ನಂಗೊತ್ತು. ನೀವು ಬೆಣೆ ಹಿಡ್ಕೊಂಡು ಪಕ್ಕದಲ್ಲಿ ನಡ್ಕೊಂಡು ಬರ್ತಿದ್ರಲ್ಲ, ಅದನ್ನ ಹೇಳಿ."