ಚಾಕ್ ಹಿಡಿದ ಕೈ

ತೀರಿಹೋದ ಗಂಡನ ಕೋಟಿಗೆ ಕೊನೆಯ ಗುಂಡಿ ಹಾಕಿ ಅವಳು ಕಾಲರ್ ಸರಿಮಾಡುತ್ತಿದ್ದಾಗ ರೈಲ್ವೆ ಸ್ಟೇಷನ್ನಿನವರು ಒಳಗೆ ಬಂದರು.

ಎಲ್ಲರೂ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಬರುವ ಹೋಗುವ ರೈಲುಗಳನ್ನು ಮೈಕಿನಲ್ಲಿ ಎರಡು ಭಾಷೆಗಳಲ್ಲಿ ಓದಿ ಹೇಳುವುದು ಅವನ ಕೆಲಸವಾಗಿತ್ತು. "ರೈಲು ಎರಡು ಗಂಟೆ ಲೇಟು ಅಂತ ಇವನ ಬಾಯಲ್ಲಿ ಕೇಳಿದ್ರೆ ಜನ ಬೈಯೋದು ಬಿಟ್ಟು ಟೀ ಕುಡಿಯೋಕೆ ಹೋಗ್ತಿದ್ರು," ಎಂದ ಹಳೆಯ ಗಾರ್ಡ್. ಅವಳ ಮೈದುನನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಣ್ಣನಿಗೆ ಎರಡು ಭಾಷೆಯೂ ನೀರು ಕುಡಿದಷ್ಟು ಸಲೀಸು ಎಂದು ಹೇಳಿ ಕಣ್ಣೊರೆಸಿಕೊಂಡ.

ಇವರಿಗೇನು ಗೊತ್ತು, ಎಂದುಕೊಂಡಳು ಅವಳು. ಅಷ್ಟು ದುಃಖದಲ್ಲೂ ಅದೊಂದು ಸಣ್ಣ ಗರ್ವ.

*

ಮದುವೆಯಾದ ಹೊಸತರಲ್ಲಿ ಬಾಡಿಗೆ ಕರಾರಿಗೆ ವಿಳಾಸ ಬರೆಯಲು ಕೂತವನು ಬೆವತುಹೋಗಿದ್ದ. ಬೆಳಿಗ್ಗೆ ತಾನೇ ಅವಳಿಗೆ ಇಡೀ ಪತ್ರಿಕೆಯನ್ನು ಎಲ್ಲೂ ತಡವರಿಸದೆ ಓದಿ ಹೇಳಿದ್ದ.

"ಕಣ್ಣೆದುರಿಗಿದ್ರೆ ಓದಿಬಿಡ್ತೀನಿ. ಬರೆಯೋಕೆ ಹೋದ್ರೆ ಅಕ್ಷರಗಳು ಜಾಗ ಬಿಟ್ಟು ಓಡ್ತವೆ. ಚಿಕ್ಕಂದಿನಿಂದ ಹೀಗೇ," ಎಂದ. "ನಿನ್ನೊಬ್ಬಳಿಗೇ ಹೇಳಿರೋದು."

ಮನೆ ಮಾಲೀಕ ಒಳಗಿನಿಂದ ಬರುವಷ್ಟರಲ್ಲಿ ಅವಳು ಮೇಜಿನ ಕೆಳಗೆ ಅವನ ಎಡಗೈ ಎಳೆದುಕೊಂಡು, ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. ಅವನು ಅದನ್ನು ಕಾಗದಕ್ಕೆ ಇಳಿಸಿದ.

ಆಮೇಲೆ ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ಆ ಅಂಗೈ ತಾನಾಗಿ ಅವಳ ಕಡೆ ಚಾಚಿಕೊಳ್ಳುತ್ತಿತ್ತು. ಸ್ಟೇಷನ್ನಿನಲ್ಲಿ ಬಳಸುವ ಇನ್ನೊಂದು ಭಾಷೆ, ಅವನ ಕೆಲಸದ ಭಾಷೆ, ಅವಳಿಗೆ ಬರುತ್ತಿರಲಿಲ್ಲ. ಕೇಳಿದರೆ, ಅದರಲ್ಲೇನೂ ತೊಂದರೆಯಿಲ್ಲ ಅನ್ನುತ್ತಿದ್ದ. ನಂಬಿದ್ದಳು. ಮಗಳ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

*

ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಗಸು ಎಲ್ಲರಿಗಿಂತ ಕೊನೆಗೆ ಬಂದಳು. ನೇರವಾಗಿ ಮಂಚದ ಪಕ್ಕಕ್ಕೆ ಬಂದು ಅವನ ಎಡಗೈ ಹಿಡಿದುಕೊಂಡಳು. ಅಂಗೈ ಮೇಲೆ ಆಕೆಯ ಬೆರಳು ಮೆಲ್ಲನೆ ಆಡಿತು: ಮೇಲೆ, ಕೆಳಗೆ, ಒಂದು ಸುತ್ತು.

ಅದು ಬರೆಯುವ ಬೆರಳು ಎಂದು ಹೆಂಡತಿಗೆ ಗೊತ್ತಾಯಿತು. ಆಕೆ ಬಿದ್ದು ಹೊರಳಾಡಿ ಅತ್ತಿದ್ದರೂ ಇವಳು ಸಹಿಸಿಕೊಳ್ಳುತ್ತಿದ್ದಳೇನೋ.

"ಏನು ಬರೆದ್ರಿ?"

ಆಕೆ ಬೆಚ್ಚಿದಳು. ಮುಚ್ಚಿಡಲಿಲ್ಲ. ಅವರ ಹೆಸರು ಬರೆದೆ, ಎಂದಳು. ತಡವಾದ ರೈಲುಗಳನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ಅವರು ಕಿಟಕಿಯೊಳಗೆ ಕೈ ತೂರಿಸುತ್ತಿದ್ದರು, ಕೆಲಸದ ಭಾಷೆಯಲ್ಲಿ ಊರಿನ ಹೆಸರುಗಳನ್ನು ತಾನು ಅಂಗೈ ಮೇಲೆ ಬರೆದು ತೋರಿಸುತ್ತಿದ್ದೆ, ಎಂದೂ ಹೇಳಿದಳು.

"ನಿಮಗೆ ಇದೆಲ್ಲ ಗೊತ್ತಿರಲ್ಲ ಅಕ್ಕ. ಮನೆ ಭಾಷೆಯಲ್ಲಿ ಏನೂ ತೊಂದರೆ ಇಲ್ಲ ಅಂತಿದ್ರು. ಯಾರಿಗೂ ಹೇಳ್ಬೇಡಿ ಅಂದಿದ್ರು."

ಹೆಂಡತಿ ಆಕೆ ಹಿಡಿದಿದ್ದ ಕೈಯನ್ನೇ ನೋಡಿದಳು.

"ಯಾವ ಕೈ ಕೊಡ್ತಿದ್ರು?"

"ಎಡಗೈ. ಬಲಗೈಯಲ್ಲಿ ಚಾಕ್ ಇರ್ತಿತ್ತಲ್ಲ."

ಇನ್ನೊಂದು ಕೈ ಅಂದಿದ್ದರೆ ಹೆಂಡತಿಗೆ ಅಷ್ಟೇ ಸಾಕಿತ್ತು.

ಹೊರಗೆ ಗಾಡಿ ಬಂದು ನಿಂತಿತು. "ಅತ್ತಿಗೆ, ಹೊತ್ತಾಯ್ತು," ಎಂದ ಮೈದುನ. ಟಿಕೆಟಿನವಳು ಎಡಗೈಯನ್ನು ಇನ್ನೂ ಹಿಡಿದೇ ಇದ್ದಳು. ಹೆಂಡತಿ ಮಂಚ ಸುತ್ತಿಕೊಂಡು ಆಚೆ ಬದಿಗೆ ಹೋದಳು. ಬಲಗೈಯ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆ ಅಂಗೈ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಟಿಕೆಟಿನವಳಿಗೆ ಕಾಣದಂತೆ ಬಾಗಿ, ಮೈ ಅಡ್ಡ ಮಾಡಿಕೊಂಡು, ಬರೆಯತೊಡಗಿದಳು.