ಸಮಾಧಾನಪ್ಪನವರು ಓದಲು ಕಲಿತದ್ದು

ಸಮಾಧಾನಪ್ಪನವರಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ವಿದ್ಯೆ ಗೊತ್ತಿರಲಿಲ್ಲ. ಅಕ್ಷರವೆಂಬುದು ಕಣ್ಣಿಗೆ ಬಿದ್ದರೆ ಸಾಕು, ಅದು ಮದುವೆಯ ಕರೆಯೋಲೆಯಾಗಿರಲಿ, ಕೆಮ್ಮಿನ ಔಷಧದ ಸೀಸೆಗೆ ಅಂಟಿಸಿದ ಚೀಟಿಯಾಗಿರಲಿ, ಮುಂದೆ ಹೋಗುವ ಲಾರಿಯ ಬೆನ್ನಿನ ಬರಹವಾಗಿರಲಿ, ಅವರ ಕಂಠದಿಂದ ಗಂಭೀರ ನಾದವಾಗಿ ಹೊರಬರಲೇಬೇಕು. ಬೆಳಿಗ್ಗೆ ಅವರು ಪತ್ರಿಕೆ ಬಿಡಿಸಿದರೆ ಆ ಸಾಲಿನ ಮನೆಗಳವರಾರೂ ಬೇರೆ ಪತ್ರಿಕೆ ತರಿಸಬೇಕಾಗಿಲ್ಲವೆಂದು ಗೋಡೆಯಾಚೆಯ ದರ್ಜಿ ಉಸ್ಮಾನಸಾಬ್ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಹುಟ್ಟೂರು ಸಿರುಗುಪ್ಪ, ಅನ್ನ ಕೊಟ್ಟದ್ದು ಬಳ್ಳಾರಿಯ ಬಸ್ ನಿಲ್ದಾಣದ ಕಂಟ್ರೋಲರ್ ಕೆಲಸ. ಎದೆ ಮುಂದೆ, ತಲೆ ಹಿಂದೆ ಮಾಡಿ, ಯಾರೋ ದೂರದಲ್ಲಿ ತಮಗಾಗಿ ಕಾಯುತ್ತಿದ್ದಾರೆಂಬಂತೆ ಹೆಜ್ಜೆಯಿಡುತ್ತಿದ್ದ ಈ ಎತ್ತರದ ಮನುಷ್ಯ ಕಟ್ಟೆಯ ಮೇಲೆ ನಿಂತು "ಬಾದನಹಟ್ಟಿ, ಕುರುಗೋಡೂ! ಸಿರುಗುಪ್ಪ, ರಾರಾವೀ!" ಎಂದು ಸಾರಿದರೆ, ಆ ಊರುಗಳಿಗೆ ಇಲ್ಲದ ಘನತೆಯೊಂದು ಆ ಕ್ಷಣಕ್ಕೆ ಪ್ರಾಪ್ತವಾಗಿಬಿಡುತ್ತಿತ್ತು. "ಹಾಂ, ಮುಂದಕ್ಕ!" ಎಂಬುದು ಅವರ ಬಾಯಿಗೆ ಅಂಟಿಕೊಂಡ ಮಾತು. ಊಟಕ್ಕೆ ಕುಳಿತವರಿಗೂ, ಕಷ್ಟ ಹೇಳಿಕೊಳ್ಳಲು ಬಂದವರಿಗೂ, ಕೊನೆಗೆ ತಮ್ಮ ಸ್ವಂತ ಸೀನಿಗೂ ಅವರು ಹಾಗೆಯೇ ಅನ್ನುತ್ತಿದ್ದರು.

ಭಾನುವಾರ ಬಂತೆಂದರೆ ಖಾಕಿ ಕಳಚಿ ಕರಿಯ ಕೋಟು ಏರುತ್ತಿತ್ತು. ಬಳ್ಳಾರಿಯ ಏಪ್ರಿಲ್ ಬಿಸಿಲು ಯಾರ ಕೋಟಿಗೂ ಮರ್ಯಾದೆ ಕೊಡುವಂಥದ್ದಲ್ಲ. ಇವರು ಮಾತ್ರ ಒಂದು ಗುಂಡಿಯನ್ನೂ ಸಡಿಲಿಸದೆ ಚರ್ಚಿನ ಪೀಠದ ಮುಂದೆ ನಿಂತು ಸಭೆಗೆ ಆ ದಿನದ ಬೈಬಲ್ ಪಾಠ ಓದುತ್ತಿದ್ದರು. ಓದುವುದೆಂದರೆ ಅಂತಿಂಥ ಓದಲ್ಲ. ವಾರವೆಲ್ಲ ಅದರ ಸಿದ್ಧತೆ ನಡೆಯುತ್ತಿತ್ತು. ಅವರ ಸತ್ಯವೇದದ ಪುಟಗಳ ಅಂಚಿನಲ್ಲಿ ಸೀಸದ ಕಡ್ಡಿಯ ಗುರುತುಗಳು ತುಂಬಿರುತ್ತಿದ್ದವು: ಇಲ್ಲಿ ಉಸಿರು, ಇಲ್ಲಿ ದನಿ ಇಳಿಸು, ಇಲ್ಲಿ ಏರಿಸು, ಇಲ್ಲಿ ತಡೆ. ಬರೀ ಪೂರ್ವಜರ ಹೆಸರುಗಳೇ ಇರುವ ಶುಷ್ಕ ಅಧ್ಯಾಯವನ್ನು ಕೂಡ ಅವರು ಓದಿದರೆ ಜನ ಮೈಮರೆತು ಕೇಳುತ್ತಿದ್ದರು. "ನೀ ಒಂದೊಂದ್ ಹೆಸ್ರು ಕೂಗಿದಂಗ ನಾ ಇಳಿಯೋ ಊರ ಬಂತೇನೋ ಅಂತ ಗಂಟು ಹುಡುಕ್ತೀನಿ ನೋಡಪ್ಪಾ" ಎಂದು ಮುಂದಿನ ಸಾಲಿನ ಮುದುಕಿ ಗಾದೆಮ್ಮ ಒಮ್ಮೆ ಅಂದಾಗ, ಅದನ್ನವರು ಹೊಗಳಿಕೆಯೆಂದೇ ಸ್ವೀಕರಿಸಿದರು.

ಅವರ ಹೆಂಡತಿ ಶೀಲಮ್ಮ ಕುರುಗೋಡಿನ ಹುಡುಗಿ, ರೂಪನಗುಡಿಯಲ್ಲಿ ಶಾಲೆಯ ಟೀಚರು. ಆಕೆಯ ಓದೇ ಬೇರೆ. ಬೆಳಿಗ್ಗೆ ಅನ್ನಕ್ಕಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು ತುಟಿ ಕೂಡ ಅಲುಗಿಸದೆ ಓದುವಳು. ಒಮ್ಮೊಮ್ಮೆ ಒಂದೇ ಪುಟ ವಾರಗಟ್ಟಲೆ ತೆರೆದಿರುವುದು. ಸಮಾಧಾನಪ್ಪನವರಿಗೆ ಅದೊಂದು ತಮಾಷೆ. "ಓದಾಕ ಹತ್ತೀಯೋ, ಬರೇ ನೋಡಾಕ ಹತ್ತೀಯೋ?" ಎಂದು ಕಿಚಾಯಿಸುವರು. ಆಕೆ ಯಾವುದಾದರೂ ವಚನ ತೋರಿಸಿ, "ದೇವರು ಇಲ್ಲಿ ಯಾಕ ಹಿಂಗ ಅಂದಾನ್ರೀ?" ಎಂದು ಕೇಳಿದರೆ ಸಿದ್ಧವಾದ ಉತ್ತರವಿತ್ತು: "ಹಾಂ, ಮುಂದಕ್ಕ!"

ಅದು ಅದಿರಿನ ಕಾಲ. ಹಗಲಿರುಳೆನ್ನದೆ ಲಾರಿಗಳು ಊರನ್ನು ಸೀಳಿಕೊಂಡು ಹೋಗುತ್ತಿದ್ದವು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಧೂಳಿಗೆ ಕೆಂಪಾಗಿರುತ್ತಿತ್ತು. ರಸ್ತೆಯಲ್ಲಿ ಲಾರಿಗಳ ಸಾಲು ಕಟ್ಟಿಕೊಂಡು ಬಸ್ಸುಗಳು ಹೊತ್ತು ಮೀರಿ ಬರುತ್ತಿದ್ದುದರಿಂದ, ನಿಲ್ದಾಣದಲ್ಲಿ ನೆರೆದ ಜನರ ಗದ್ದಲದ ಮೇಲೆ ಸಮಾಧಾನಪ್ಪನವರು ಆ ಧೂಳನ್ನೇ ನುಂಗಿ ಇಮ್ಮಡಿ ಕೂಗಬೇಕಾಯಿತು. ಮೈಕು ಇರಲಿಲ್ಲವೆಂದಲ್ಲ; ಅವರು ಅದನ್ನು ಮುಟ್ಟುತ್ತಿರಲಿಲ್ಲ. ಸಭೆಯಲ್ಲಿ ಲಾರಿಗಳಿಂದ ಏಳಿಗೆ ಕಂಡ ಭಕ್ತರೊಬ್ಬರು ಕೃತಜ್ಞತೆಗಾಗಿ ಹೊಸ ಮೈಕ್ ಸೆಟ್ ತಂದು ಕೊಟ್ಟಾಗಲೂ, "ದೇವರ ವಾಕ್ಯಕ್ಕ ವಾಯರ್ ಯಾಕ್ರಿ?" ಎಂದು ಅದನ್ನು ಪಕ್ಕಕ್ಕೆ ಸರಿಸಿಯೇ ಓದಿದರು.

ದನಿ ಒಡೆಯತೊಡಗಿದ್ದು ಅವರಿಗೇ ಮೊದಲು ತಿಳಿಯಿತು, ಹೇಳಲಿಲ್ಲ. ಜ್ಯೇಷ್ಠಮಧು ಅಗಿದರು, ಬಿಸಿನೀರು ಕುಡಿದರು, ಕೊರಳಿಗೆ ಮಫ್ಲರ್ ಸುತ್ತಿದರು. ಒಂದು ಭಾನುವಾರ, ಪಾಠದ ನಡುವೆ, ಸೀಸದ ಕಡ್ಡಿ "ಏರಿಸು" ಎಂದು ಗುರುತಿಟ್ಟ ಜಾಗದಲ್ಲೇ, ಬಾಯಿ ತೆರೆದರೆ ಬರೀ ಗಾಳಿ ಬಂತು. ಮತ್ತೊಮ್ಮೆ ತೆರೆದರು, ಮತ್ತೆ ಗಾಳಿ. ಕೋಟಿನ ಗುಂಡಿ ಬಿಚ್ಚಿಕೊಳ್ಳುತ್ತ ಕೆಳಗಿಳಿದು ಬಂದ ಆ ಎತ್ತರದ ಮನುಷ್ಯನನ್ನು ನೋಡಲಾಗದೆ ಅನೇಕರು ತಲೆ ತಗ್ಗಿಸಿದರು. ಗಂಟಲಿನ ಡಾಕ್ಟರು ದನಿಯ ತಂತುವಿನಲ್ಲಿ ಗಂಟಿದೆಯೆಂದರು. ಕೆಟ್ಟ ಗಂಟಲ್ಲ, ತೆಗೆದರಾಯಿತು. ಆದರೆ ತೆಗೆದ ಮೇಲೆ ತಿಂಗಳುಗಟ್ಟಲೆ ಪಿಸುಮಾತು ಕೂಡ ಆಡಕೂಡದು, ಆಡಿದರೆ ಉಳಿದ ದನಿಯೂ ಕೈಬಿಟ್ಟೀತು ಎಂದು ಎಚ್ಚರಿಸಿದರು.

ಗಂಟು ತೆಗೆಸಿಕೊಂಡು ಮನೆಗೆ ಬಂದ ಗಂಡನಿಗೆ ಶೀಲಮ್ಮ ಶಾಲೆಯಿಂದೊಂದು ಸ್ಲೇಟು ತಂದುಕೊಟ್ಟಳು. ಹಾಲು, ಔಷಧಿ, ಬಿಸಿನೀರು, ಇಂಥವೆಲ್ಲ ಸ್ಲೇಟಿನ ಮೇಲೆ ಸುಸೂತ್ರವಾಗಿ ನಡೆದವು. ನಡೆಯದೇ ಹೋದದ್ದು ಒಂದೇ: ಸತ್ಯವೇದ. ತೆರೆದರೆ ಕಣ್ಣು ಪರಿಚಿತ ಸಾಲುಗಳ ಮೇಲೆ ಜಾರಿಕೊಂಡು ನಿಮಿಷದಲ್ಲಿ ಅಧ್ಯಾಯದ ತುದಿ ಮುಟ್ಟುತ್ತಿತ್ತು, ಒಳಗೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಕೇಳುವವರಿಲ್ಲದ ಓದು ಅವರಿಗೆ ಓದೇ ಅಲ್ಲ. ನಾಲ್ಕಾರು ದಿನ ಹೆಣಗಾಡಿ ಪುಸ್ತಕವನ್ನು ಮಡಿಚಿ ಕಪಾಟಿನ ಮೇಲಿಟ್ಟರು. ಆಗ ಅವರನ್ನು ಹಿಡಿದ ಭಯ ಸಾಮಾನ್ಯವಾದುದಲ್ಲ. ದನಿ ಬರದಿದ್ದರೆ ಪೆನ್ಷನ್ನಿನ ಮೇಲೆ ಬದುಕಬಹುದು. ಆದರೆ ದನಿಯ ಜೊತೆಗೇ ದೇವರೂ ಹೊರಟುಹೋಗಿದ್ದರೆ? ಅಥವಾ, ಇನ್ನೂ ಘೋರವಾದುದು, ತನ್ನ ಪಾಲಿಗೆ ಇದ್ದದ್ದೇ ಬರೀ ದನಿಯಾಗಿದ್ದರೆ?

ಒಂದು ಬೆಳಿಗ್ಗೆ ಸ್ಲೇಟಿನ ಮೇಲೆ ಬರೆದು ಹೆಂಡತಿಯ ಮುಂದೆ ಹಿಡಿದರು: "ದೇವರು ನನ್ನ ಕೂಡ ಮಾತು ಬಿಟ್ಟಾನ."

ಶೀಲಮ್ಮ ಅನ್ನದ ತಪ್ಪಲೆಯ ಮುಚ್ಚಳ ಸರಿಸುತ್ತ ಓದಿದಳು. "ಪಾಪ, ಆತಗ ಮಾತಾಡಾಕ ನೀವು ಯಾವಾಗ ಬಿಟ್ಟಿದ್ರಿ?" ಅಂದಳು. ಅಂದವಳೇ ಗಂಡನ ಮುಖ ನೋಡಿ, ಹೆಚ್ಚಾಯಿತೆಂದು ಮರುಗಿ, ಸೆರಗಿನಿಂದ ಅವರ ಕೈಗಂಟಿದ ಬಳಪದ ಪುಡಿ ಒರೆಸಿದಳು. ಸಮಾಧಾನಪ್ಪನವರು ಅಂದೆಲ್ಲ ಮುನಿಸಿಕೊಂಡು ಮೂಲೆ ಹಿಡಿದರು.

ಡಿಸೆಂಬರ್ ಬಂತು. ಕ್ರಿಸ್‌ಮಸ್ಸಿನ ಮುಂಚಿನ ಭಾನುವಾರಕ್ಕೆ ಪ್ರತಿ ವರ್ಷವೂ ಅವರೇ ಓದುತ್ತಿದ್ದ ಪಾಠವೊಂದಿತ್ತು: ಗುಡಿಯೊಳಗೆ ಧೂಪ ಹಾಕಲು ಹೋದ ಮುದಿ ಯಾಜಕ, ಮಗ ಹುಟ್ಟುವನೆಂಬ ದೂತನ ಮಾತು ನಂಬದೆ, ಅದು ನೆರವೇರುವ ತನಕ ಮೂಕನಾಗಿರುವ ಶಿಕ್ಷೆ ಹೊತ್ತು ಹೊರಬರುವ ಕಥೆ. ಈ ಸಲ ಬೇರೆಯವರ ಪಾಲಿಗೆ ಹೋಗಿತ್ತು. ಸೊರಗಿದ ಮೈಗೆ ಕೋಟು ಈಗ ದೊಡ್ಡದಾಗುತ್ತದೆ, ಹಬ್ಬಕ್ಕೆ ಹಿಡಿದುಕೊಡುತ್ತೇನೆಂದು ಬಂದ ಉಸ್ಮಾನಸಾಬನಿಗೆ ಬೇಡವೆಂದು ಕೈಯಾಡಿಸಿ ಕಳಿಸಿದ ಮೇಲೆ, ಅಭ್ಯಾಸಬಲ ಎಲ್ಲಿ ಬಿಟ್ಟೀತು, ಸಮಾಧಾನಪ್ಪನವರು ಪುಸ್ತಕ ಇಳಿಸಿ ಆ ಪುಟ ತೆರೆದರು. ಯಾಜಕ ಮೂಕನಾಗುವ ಸಾಲಿನ ಪಕ್ಕ ತಮ್ಮದೇ ಅಕ್ಷರ: "ಇಲ್ಲಿ ತಡೆ." ಅಲ್ಲಿ ತಡೆದರೆ ಸಭೆಯೆಲ್ಲ ನಿಟ್ಟುಸಿರಿಡುತ್ತಿತ್ತು, ಆ ನಿಟ್ಟುಸಿರಿಗಾಗಿಯೇ ಅವರು ತಡೆಯುತ್ತಿದ್ದುದು. ಈಗ ನಿಟ್ಟುಸಿರಿಡಲು ಯಾರೂ ಇರಲಿಲ್ಲ.

ಎದ್ದು ಹೋಗಿ ಹೆಂಡತಿಯ ಶಾಲೆಯ ಚೀಲದಿಂದ ರಬ್ಬರ್ ತಂದರು. ಆ ಪುಟದ ಗುರುತುಗಳನ್ನೆಲ್ಲ, ಕಾಗದ ಹರಿಯದಂತೆ, ಒಂದೊಂದಾಗಿ ಅಳಿಸಿದರು. ಆಮೇಲೆ ಓದಿದರು. ಹೊರಗೆ ಕಾಯುತ್ತಿದ್ದ ಜನರಿಗೆ ಆ ಮುದುಕ ಏನೂ ಹೇಳಲಾಗದೆ ಕೈಸನ್ನೆ ಮಾಡುತ್ತ ನಿಂತ ಜಾಗಕ್ಕೆ ಬಂದಾಗ ಕಣ್ಣು ಅಲ್ಲಿಂದ ಕದಲಲಿಲ್ಲ. ಈಗಷ್ಟೇ ಉಸ್ಮಾನಸಾಬನ ಮುಂದೆ ತಾವೂ ಹಾಗೆಯೇ ಕೈಯಾಡಿಸಿದ್ದರಲ್ಲ! ಎಷ್ಟು ವರ್ಷ ಈ ಮುದುಕನ ಸುದ್ದಿಯನ್ನು ಊರಿಗೆಲ್ಲ ಸಾರಿದೆ, ಒಂದು ದಿನವಾದರೂ ಈತನನ್ನು ಮಾತಾಡಿಸಿದೆನೆ ಎಂದು ಅನ್ನಿಸಿತು. ಶಬ್ದ ಮಾಡುವಂತಿರಲಿಲ್ಲವಾದ್ದರಿಂದ ಶಬ್ದವಿಲ್ಲದೆಯೇ ಅತ್ತರು.

ಅತ್ತು ಮುಗಿಸಿ, ಬದುಕಿನಲ್ಲಿ ಮೊದಲ ಬಾರಿಗೆ ಸತ್ಯವೇದದ ಬಗ್ಗೆ ಸ್ಲೇಟಿನಲ್ಲೊಂದು ಪ್ರಶ್ನೆ ಬರೆದು ಶೀಲಮ್ಮನ ಮುಂದೆ ಹಿಡಿದರು: "ಮಾತಿಲ್ಲದ ಅಷ್ಟು ತಿಂಗಳು ಮುದುಕ ಮನ್ಯಾಗ ಏನು ಮಾಡಿದ?"

ಆಕೆ ಆ ಪುಟದ ಮೇಲೆ ಕಣ್ಣಾಡಿಸಿದಳು. "ಬರೆದಿಲ್ಲರಿ. ಹೆಂಡತಿ ಮಾತು ಕೇಳಿರಬೇಕು."

ಸಮಾಧಾನಪ್ಪನವರ ಹೆಗಲುಗಳು ನಗುವಿನಿಂದ ಕುಣಿದವು. ಮರುದಿನದಿಂದ ಅನ್ನ ಬೇಯುವ ಹೊತ್ತಿಗೆ ಅವರೂ ಹೊಸ್ತಿಲಿನ ಬಳಿ ಬಂದು ಕುಳಿತರು. ನಿಧಾನವಾಗಿ, ಮಗುವಿನಂತೆ ಬೆರಳಿಟ್ಟು, ದಿನಕ್ಕೆ ನಾಲ್ಕೈದು ಸಾಲು. ಹೆಂಡತಿ ಪುಟ ತಿರುಗಿಸದಿದ್ದರೆ ಈಗ ಅವರು ಕಿಚಾಯಿಸುತ್ತಿರಲಿಲ್ಲ, ತಮ್ಮದನ್ನೂ ತಿರುಗಿಸುತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ದನಿ ಬಂತು, ಒರಟಾಗಿ, ತೆಳುವಾಗಿ. ಅದನ್ನು ಕೇಳಿ ಪಾಸ್ಟರಯ್ಯನವರು ಸಂತೋಷದಿಂದ ಮನೆಗೇ ಬಂದರು. ಒಂದು ಕಾಲದಲ್ಲಿ ಅಯ್ಯನವರ ಹೆಜ್ಜೆ ಸಪ್ಪಳ ಕೇಳಿದರೆ ಕೋಟು ಹುಡುಕುತ್ತಿದ್ದ ಮನುಷ್ಯ, ಬನಿಯನ್ನಿನಲ್ಲೇ ಕುಳಿತು, ಕುರ್ಚಿ ತೋರಿಸಿ, ಹಿಡಿದ ಸಾಲು ಮುಗಿಯುವವರೆಗೂ ತಲೆಯೆತ್ತಲಿಲ್ಲ.

"ಬರೋ ಭಾನುವಾರ ನೀವೇ ಓದ್ರಿ" ಎಂದರು ಪಾಸ್ಟರಯ್ಯ. "ದೇವರು ನನ್ನ ಕುರುಬ ಅನ್ನೋ ಕೀರ್ತನೆ ಐತಿ, ನಿಮಗ ಬಾಯಿಪಾಠ. ಸಣ್ಣ ದನಿ ಆದ್ರೂ ಮೈಕ್ ಐತಲ್ರಿ."

"ಓದ್ತೀನ್ರಿ ಅಯ್ಯನವರ, ಮೈಕಿನ್ಯಾಗ ಓದ್ತೀನಿ" ಎಂದರು ಸಮಾಧಾನಪ್ಪ, ಉಗುರು ಕೆರೆದಂಥ ದನಿಯಲ್ಲಿ. "ಆದ್ರ ಈ ಭಾನುವಾರ ಬ್ಯಾಡ್ರಿ. ಅದನ್ನ ನಾ ಇನ್ನೂ ಓದಿಲ್ಲ."

ಅಯ್ಯನವರು ನಕ್ಕರು. "ಏನ್ರಿ ಹಂಗಂದ್ರ! ನಿಮ್ಮ ಬಾಯಿಲೆ ನಾನ ಎಷ್ಟು ಸಲ ಕೇಳೀನಿ!"

"ನಿಮಗ ಓದೀನ್ರಿ. ನನಗ ಓದಿಲ್ಲ."

ಪ್ರತಿಯೊಂದು ಸಭೆಯಲ್ಲೂ, ಪ್ರಾಯಶಃ ಪ್ರತಿಯೊಂದು ಧರ್ಮದಲ್ಲೂ, ಇಂಥವರಿರುತ್ತಾರೆ. ಅವರನ್ನು ಡಾಂಭಿಕರೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಸಮಾರಾಧನೆಯ ಪಂಕ್ತಿಯಲ್ಲಿ ಸೊಂಟಕ್ಕೆ ವಸ್ತ್ರ ಬಿಗಿದು, ಬೆವರಿಳಿಸುತ್ತ, ಎಲೆಯಿಂದ ಎಲೆಗೆ ಓಡುತ್ತ ಬಡಿಸುವವರ ಪ್ರೀತಿ ಸುಳ್ಳಲ್ಲ, ಅವರ ಕೈಯಿಂದ ಉಂಡವರ ತೃಪ್ತಿಯೂ ಸುಳ್ಳಲ್ಲ. ಬಡಿಸುವ ಸಂಭ್ರಮದಲ್ಲಿ ಅವರು ಮರೆಯುವುದು ತಮ್ಮ ಹಸಿವೊಂದನ್ನೇ. ಅವರಲ್ಲಿ ಬಹುಪಾಲು ಜನ ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಮನೆಗೆ ಹೋಗುತ್ತಾರೆ, ಅದು ಅವರಿಗೆ ತಿಳಿಯುವುದೂ ಇಲ್ಲ. ಎಲ್ಲೋ ಒಬ್ಬನ ಕೈಯಿಂದ ಸೌಟು ಜಾರಿ ಬೀಳುತ್ತದೆ. ಏನೂ ತೋಚದೆ ಅವನು ಎಲೆಯ ಮುಂದೆ ಕುಳಿತುಕೊಳ್ಳುತ್ತಾನೆ. ಆಗ ಅವನಿಗೆ ಹಸಿವಾಗುತ್ತದೆ.