ಮೋಟಾರು ಸುಟ್ಟವರಾರು

ಹೊಳೆನರಸೀಪುರದ ಅಕ್ಕಿ ಗಿರಣಿಯಲ್ಲಿ ಮೋಟಾರು ಮತ್ತೆ ಸುಟ್ಟುಹೋಯಿತು. ಅದೂ ಸುಗ್ಗಿಯ ಭತ್ತ ಅಂಗಳದ ತುಂಬ ಬಿದ್ದಿದ್ದಾಗ. ಕರಕಲು ವಾಸನೆ ಮೂಗಿಗೆ ಬಡಿದ ಕೂಡಲೇ ತ್ರಿಶಲಾಳ ಕಣ್ಣು ಪಾಲಾಕ್ಷನನ್ನು ಹುಡುಕಿತು. ಗಂಡ ಪದ್ಮರಾಜ ತೀರಿಕೊಂಡ ಮೇಲೆ ಗಿರಣಿ ಅವಳ ಕೈಗೆ ಬಂದಿತ್ತು. ಯಂತ್ರ ಮಾತ್ರ ಮೊದಲಿನಿಂದ ಅದನ್ನು ಓಡಿಸುತ್ತಿದ್ದ ಪಾಲಾಕ್ಷನ ಕೈಯಲ್ಲೇ ಉಳಿದಿತ್ತು. ಅವನ ಭಾವಮೈದ ಅರಕಲಗೂಡು ರಸ್ತೆಯ ಹೊಸ ಗಿರಣಿಗೆ ಸೇರಿದಂದಿನಿಂದಲೇ ಇಲ್ಲಿನ ಮೋಟಾರಿಗೆ ಕಾಯಿಲೆ ಹತ್ತಿತ್ತು. ಒಳಗಿನ ಸುಟ್ಟ ತಂತಿ ತೆಗೆಸಿ ಹೊಸ ಕಾಯಿಲ್ ಸುತ್ತಿಸಿ ತಂದರೆ ಕೆಲವು ವಾರ ಓಡುವುದು, ಮತ್ತೆ ಸುಟ್ಟುಹೋಗುವುದು.

"ನಿನ್ನ ಭಾವಮೈದಂಗೆ ಗಿರಾಕಿ ಕಳಿಸೋಕೆ ಹಿಂಗೆ ಮಾಡ್ತಿದ್ದೀಯಾ?" ಹಮಾಲರೆದುರೇ ಕೇಳಿಬಿಟ್ಟಳು.

ಪಾಲಾಕ್ಷನ ಮುಖ ಕಪ್ಪಿಟ್ಟಿತು. "ಅಮ್ಮಾವ್ರೇ, ಅದ್ರ ಒಟ್ಟೆ ಒಳಗೇ ಏನೋ ಐತೆ. ಓಡ್ತಾ ಓಡ್ತಾ ಸದ್ದು ಏರ್ತದೆ, ಇಳೀತದೆ. ಯೋಳುದ್ರೆ ನೀವು ಕೇಳಾಕಿಲ್ಲ."

ಅವಳು ನಂಬಲಿಲ್ಲ. ಮೋಟಾರು ರಿಪೇರಿಯಾಗಿ ಬಂದದ್ದೇ ಅದರೆದುರು ಕುರ್ಚಿ ಹಾಕಿ ಕೂತಳು. ಬಿಸಿ ನೋಡಲು ಅವನು ಕೈಯಿಟ್ಟರೆ ಅನುಮಾನ, ಬೋಲ್ಟು ಬಿಗಿಯಲು ಬಗ್ಗಿದರೆ ಅನುಮಾನ. ಪಾಲಾಕ್ಷ ಮಾತು ಬಿಟ್ಟ.

ಇದನ್ನು ಕೇಳಿ ಮರುಗಿದ ಪಕ್ಕದ ಮನೆಯ ಅಂಬುಜಮ್ಮ ತಮ್ಮ ಮಗಳು ಶ್ರೀಗೌರಿಯನ್ನು ಕಳಿಸಿದರು. ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅವಳು, ಮೋಟಾರು ಎಳೆಯುವ ಕರೆಂಟು ನೋಡಿ ಅದರ ರೋಗ ಹೇಳುವುದನ್ನೇ ಸಂಶೋಧನೆಗೆ ಆರಿಸಿಕೊಂಡಿದ್ದಳು. ಒಳಗೆ ಬರುವ ಮೊದಲು ಗೇಟಿನ ಬಳಿ ನಿಂತು ಪಾಲಾಕ್ಷನನ್ನು ಏನೇನೋ ವಿಚಾರಿಸಿದಳು. ಕಿಟಕಿಯಿಂದ ನೋಡಿದ ತ್ರಿಶಲಾಗೆ ಅನುಮಾನ ಇನ್ನೂ ಬಲಿಯಿತು. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ!

ಶ್ರೀಗೌರಿ ಕರೆಂಟು ಅಳೆಯುವ ಬಳೆಯಂಥದ್ದೊಂದನ್ನು ಮೋಟಾರಿನ ವೈರಿಗೆ ತೊಡಿಸಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಭತ್ತ ಸುರಿಸಿ ಗಿರಣಿ ಓಡಿಸಲು ಹೇಳಿದಳು. ಪರದೆಯ ಮೇಲೆ ಉದ್ದನೆಯ ಒಂದು ಗೆರೆ ಎದ್ದಿತು. ಅದರ ಎಡಬಲಕ್ಕೆ ಎರಡು ಗಿಡ್ಡ ಗೆರೆಗಳು.

"ಆಂಟಿ, ಒಳಗೆ ತಿರುಗೋ ರೋಟರಿನ ಕಂಬಿಗಳು ಬಿರುಕು ಬಿಟ್ಟಿವೆ ಅನ್ಸುತ್ತೆ. ಬಿರುಕು ಬಿಟ್ರೆ ಕರೆಂಟು ತುಯ್ದಾಡುತ್ತೆ. ಅದೇ ಈ ಪಕ್ಕದ ಎರಡು ಗೆರೆ. ಚೆನ್ನಾಗಿರೋ ಮೋಟಾರಲ್ಲಿ ಇವು ಇಷ್ಟು ಎತ್ತರ ಬರಲ್ಲ."

"ಬಿಚ್ಚದೇ ಅದ್ಹೆಂಗೆ ಗೊತ್ತಾಗುತ್ತೆ? ಅವನೇ ಹೇಳಿಕೊಟ್ಟನಾ?"

ಶ್ರೀಗೌರಿಗೆ ಸಿಟ್ಟು ಬಂದರೂ ತಡೆದುಕೊಂಡಳು. "ನಂಬಿಕೆ ಇಲ್ಲದಿದ್ರೆ ಬಿಚ್ಚಿಸಿ. ನೀವೇ ಎದುರಿಗೆ ನಿಂತು ನೋಡಿ."

ತ್ರಿಶಲಾ ಹಾಗೇ ಮಾಡಿದಳು. ಮೋಟಾರಿನ ಜೊತೆ ತಾನೂ ಲಾರಿ ಹತ್ತಿ ಹಾಸನಕ್ಕೆ ಹೋಗಿ, ಹಳೆಯ ಅಂಗಡಿ ಬಿಟ್ಟು ಲಕ್ಕಯ್ಯ ಎಂಬವನ ವರ್ಕ್‌ಶಾಪಿಗೆ ಕೊಟ್ಟಳು. ರೋಟರು ಹೊರಬಂತು. ತಾಮ್ರದ ಕಂಬಿಗಳು ತುದಿಯಲ್ಲಿ ಬೆಸೆದ ಜಾಗದಲ್ಲೇ ಬಿರುಕು ಬಿಟ್ಟು, ಸುತ್ತ ಮಸಿಗಟ್ಟಿತ್ತು.

"ಹಿಂದ್ಲೋರು ಬರೀ ಕಾಯಿಲ್ ಸುತ್ತವ್ರೆ ಕಣಮ್ಮ, ಇದ್ನ ನೋಡೇ ಇಲ್ಲ. ಇದು ಹಿಂಗಿದ್ರೆ ಕಾಯಿಲ್ ಕಾದು ಮತ್ತೆ ಮತ್ತೆ ಸುಟ್ಟೋಯ್ತದೆ" ಎಂದ ಲಕ್ಕಯ್ಯ.

"ಬೇಕೂಂತ ಯಾರಾದ್ರೂ ಹಿಂಗೆ ಮಾಡಬಹುದಾ?"

"ಮೋಟಾರ್ ಬಿಚ್ಚದೆ ಇಲ್ಲಿಗೆ ಯಾರ್ ಕೈ ಓಯ್ತದೆ? ಇದು ಸವೆದು ಆಗಿರಾದು."

ತ್ರಿಶಲಾ ಆ ಬಿರುಕಿನ ಮೇಲೆ ಬೆರಳಾಡಿಸಿದಳು. ಶತ್ರುವೆಂದುಕೊಂಡು ಇಷ್ಟು ದಿನ ಕಣ್ಣಿಟ್ಟು ಕಾದದ್ದು ಯಾರನ್ನು?

ರೋಟರು ಸರಿಯಾಗಿ ಬಂದು ಗಿರಣಿ ಒಂದೇ ಸಮನೆ ಓಡತೊಡಗಿತು. ತ್ರಿಶಲಾ ಹಮಾಲರನ್ನೆಲ್ಲ ಕರೆದು, ಅವರೆದುರೇ "ತಪ್ಪಾಯ್ತು ಪಾಲಾಕ್ಷ" ಎಂದಳು.

"ಇರ್ಲಿ ಬುಡಿ" ಎಂದ ಅವನು. "ಆದ್ರೆ ಒಂದ್ಮಾತು. ಮೋಟಾರ್ ಏನ್ ಯೋಳ್ತದೆ ಅಂತ ವೈರ್ ಕಟ್ಟಿ ಕೇಳುದ್ರಿ. ನಾನು ಬಾಯ್ಬುಟ್ಟು ಯೋಳುದ್ರೂ ಕೇಳ್ಲಿಲ್ಲ."

ಸುಗ್ಗಿ ಮುಗಿಯುವವರೆಗೆ ದುಡಿದು, ಅವನು ಚನ್ನರಾಯಪಟ್ಟಣದ ಗಿರಣಿಯೊಂದಕ್ಕೆ ಹೊರಟುಹೋದ. ತ್ರಿಶಲಾ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಮರಳಿ ಬರುವಂತೆ ಕರೆದಳು. ಪಾಲಾಕ್ಷ ಪ್ರೀತಿಯಿಂದಲೇ ಕೂರಿಸಿ ಕಾಫಿ ತರಿಸಿದ, ಗಿರಣಿಯ ಕ್ಷೇಮ ವಿಚಾರಿಸಿದ. ಬರುತ್ತೇನೆಂದು ಮಾತ್ರ ಹೇಳಲಿಲ್ಲ.